ವರ್ಚುವಲ್ ಮೆಷೀನ್‌ನಲ್ಲಿ ಪ್ರೊಸೆಸರ್ ಡ್ರೈವರ್‌ಗೇನು ಕೆಲಸ?

(ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಉಪಯೋಗಕ್ಕೆ ಬರುವಂಥವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಒಣಗಿದ್ದು ಅನ್ನಿಸಬಹುದು. ಆದರೆ ನಿಮ್ಮಲ್ಲಿ ಅಕ್ಕಿ ಗಿರಣಿ, ದಲಾಲಿ ಅಂಗಡಿ, ವೇಬ್ರಿಡ್ಜ್‌ಗಳ ಕಂಪ್ಯೂಟರ್ ನೋಡಿಕೊಳ್ಳುವವರು ಜಾಸ್ತಿ ಇದ್ದೀರಿ. ನಿಮಗೆ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಕೆಲವರಿಗೆ ಆಗಲೇ ಎದುರಾಗಿದೆ ಅಂತ ಗೊತ್ತು.

ನಮ್ಮ ಕಡೆಯ ಪರಿಸ್ಥಿತಿ ನೋಡಿ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದೊಂದು ಲಾರಿಯೂ ವೇಬ್ರಿಡ್ಜ್ ಹತ್ತಿ ಇಳಿಯಬೇಕು. ಆ ತೂಕ ಓದಿ ಚೀಟಿ ಹೊಡೆಯುವ ಸಾಫ್ಟ್‌ವೇರ್ ಬರೆದುಕೊಟ್ಟವರು ಯಾರೋ, ಈಗ ಎಲ್ಲಿದ್ದಾರೋ. ಅದು ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆ ಯಾವುದರ ಮೇಲೂ ಓಡುವುದಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಆದರೂ ಗಿರಣಿ ಆಫೀಸಿನ ಮೂಲೆಯಲ್ಲಿ ಹಳೆ ಡಬ್ಬಿಯೊಂದು ತೌಡಿನ ಧೂಳು ಕುಡಿಯುತ್ತಾ ಓಡುತ್ತಲೇ ಇರುತ್ತದೆ. ಫ್ಯಾನ್ ಕಿರುಗುಡುತ್ತಿರುತ್ತದೆ. ಅದು ಯಾವತ್ತು ಕೈಕೊಡುತ್ತದೋ ಅಂತ ಎಲ್ಲರಿಗೂ ಭಯ.

ಆಗ ನಾವು ಹೇಳುವ ಉಪಾಯ ವರ್ಚುವಲ್ ಮೆಷೀನ್, ಚಿಕ್ಕದಾಗಿ ವಿಎಂ. ಅಂದರೆ ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಕಟ್ಟಿ ತೋರಿಸುವ ಇನ್ನೊಂದು ಕಂಪ್ಯೂಟರ್. ಹೊಸ ಕಂಪ್ಯೂಟರ್ ತನ್ನಿ, ಹಳೆಯದನ್ನು ಹಾಗ್ಹಾಗೇ ಎತ್ತಿ ಅದರೊಳಗೆ ಇಟ್ಟುಬಿಡೋಣ ಅಂತೀವಿ. ಉಪಾಯ ಒಳ್ಳೆಯದೇ. ಸಿಸ್‌ಇಂಟರ್ನಲ್ಸ್‌ನ ಡಿಸ್ಕ್‌2ವಿಎಚ್‌ಡಿ ಅನ್ನುವ ಚಿಕ್ಕ ಉಪಕರಣ 2009ರಿಂದ ಸುಮ್ನೆ ಸಿಗುತ್ತಿದೆ. ಓಡುತ್ತಿರುವ ವಿಂಡೋಸನ್ನೇ ಅದು ಒಂದು ಡಿಸ್ಕ್ ಫೈಲ್ ಮಾಡಿ ಕೊಡುತ್ತದೆ. ಸಾವ್ಕಾರ್ರು ಹೊಸ ಕಂಪ್ಯೂಟರ್ ತರಿಸುತ್ತಾರೆ. ಬೆಲೆ ನೋಡಿ ಎಎಂಡಿ ರೈಝನ್ ತರಿಸುತ್ತಾರೆ. ನಾವು ವಿಎಂ ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್ ಹಾಕಿ, ಆ ಫೈಲ್ ಜೋಡಿಸಿ, ಸ್ಟಾರ್ಟ್ ಒತ್ತುತ್ತೇವೆ. ಎಕ್ಸ್‌ಪಿ ಲಾಂಛನ ಬರುತ್ತದೆ. ಕೆಳಗಿನ ಪಟ್ಟಿ ಒಂದೆರಡು ಸುತ್ತು ಓಡುತ್ತದೆ. ಆಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬ್ಲೂ ಸ್ಕ್ರೀನ್, ಮತ್ತೆ ರೀಸ್ಟಾರ್ಟ್. ಮತ್ತೆ ಲಾಂಛನ, ಮತ್ತೆ ಬ್ಲೂ ಸ್ಕ್ರೀನ್. ಹಿಂದೆ ನಿಂತವರು "ಏನಾತಪ್ಪಾ, ಹಳೇದೇ ಚೆನ್ನಾಗಿತ್ತಲ್ಲ" ಅಂತಾರೆ.

ಇಲ್ಲಿ ನಮ್ಮೂರಿನ ಅಂಗಡಿಗಳ ಮೊದಲ ಸಲಹೆ ನಿಮಗೆ ಗೊತ್ತೇ ಇದೆ. "ಫಾರ್ಮ್ಯಾಟ್ ಹೊಡೆದುಬಿಡ್ರಿ." ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಫಾರ್ಮ್ಯಾಟ್ ಮಾಡಿದರೆ ಆ ತೂಕದ ಸಾಫ್ಟ್‌ವೇರನ್ನು ಮತ್ತೆ ಹಾಕಲು ಸಿಡಿ ಎಲ್ಲಿದೆ? ಲೈಸೆನ್ಸ್ ಯಾರ ಹತ್ತಿರ ಇದೆ? ಇರುವ ಒಂದೇ ಒಂದು ಪ್ರತಿಯನ್ನು ಅಳಿಸಿ ಹಾಕುವುದಕ್ಕೆ ರಿಪೇರಿ ಅನ್ನುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಅಂದರೆ, ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಡಿಸ್ಕ್ ಸರಿ ಇದೆ, ವಿಂಡೋಸ್ ಸರಿ ಇದೆ, ವರ್ಚುವಲ್‌ಬಾಕ್ಸ್ ಕೂಡ ಸರಿ ಇದೆ. ಒಂದೇ ಒಂದು ಡ್ರೈವರ್ ತಾನಿರಬಾರದ ಜಾಗದಲ್ಲಿ ಇದೆ. ಅದರ ಹೆಸರು ಇಂಟೆಲ್‌ಪಿಪಿಎಂ ಡಾಟ್ ಸಿಸ್.

ಪಿಪಿಎಂ ಅಂದರೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಪ್ರೊಸೆಸರ್‌ಗೂ ಡ್ರೈವರ್ ಇರುತ್ತದಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಿಂಟರ್‌ಗೆ ಇರುವ ಹಾಗೆ ಇದಕ್ಕೂ ಇದೆ, ಆದರೆ ಕೆಲಸ ಬೇರೆ. ಲೆಕ್ಕ ಮಾಡಲು ಪ್ರೊಸೆಸರ್‌ಗೆ ಯಾವ ಡ್ರೈವರೂ ಬೇಡ. ಕೆಲಸವಿಲ್ಲದಾಗ ಅದನ್ನು ಮಲಗಿಸುವುದು, ಕೆಲಸ ಕಡಿಮೆಯಿದ್ದಾಗ ವೇಗ ಇಳಿಸುವುದು, ಬಿಸಿಯಾದಾಗ ತಗ್ಗಿಸುವುದು ಈ ಡ್ರೈವರ್‌ನ ಕೆಲಸ. ಮಲಗುವ ಹಂತಗಳಿಗೆ ಸಿ ಸ್ಟೇಟ್ ಅಂತಾರೆ. ವೇಗದ ಹಂತಗಳಿಗೆ ಪಿ ಸ್ಟೇಟ್ ಅಂತಾರೆ. ಇದನ್ನೆಲ್ಲ ಮಾಡಲು ಡ್ರೈವರ್ ಪ್ರೊಸೆಸರ್‌ನೊಳಗಿನ ಕೆಲವು ವಿಶೇಷ ರಿಜಿಸ್ಟರ್‌ಗಳನ್ನು ಓದಬೇಕು, ಬರೆಯಬೇಕು. ಅವುಗಳಿಗೆ ಎಂಎಸ್‌ಆರ್ ಅಂತ ಹೆಸರು, ಅಂದರೆ ಮಾಡೆಲ್ ಸ್ಪೆಸಿಫಿಕ್ ರಿಜಿಸ್ಟರ್. ಹೆಸರೇ ಹೇಳುವಂತೆ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ. ಇಂಟೆಲ್‌ನಲ್ಲಿರುವುದು ಎಎಂಡಿಯಲ್ಲಿ ಇರಬೇಕೆಂದೇನಿಲ್ಲ. ಇಲ್ಲದ ರಿಜಿಸ್ಟರ್ ಮುಟ್ಟಿದರೆ ಪ್ರೊಸೆಸರ್ ಒಂದು ದೋಷ ಎಬ್ಬಿಸುತ್ತದೆ. ಅದು ಜನರಲ್ ಪ್ರೊಟೆಕ್ಷನ್ ಫಾಲ್ಟ್. ಸಾಮಾನ್ಯ ಪ್ರೋಗ್ರಾಂನಲ್ಲಿ ಇಂಥ ದೋಷ ಬಂದರೆ ಆ ಪ್ರೋಗ್ರಾಂ ಮಾತ್ರ ಸಾಯುತ್ತದೆ. ಡ್ರೈವರ್ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೆ ಇರುವುದರಿಂದ ಇಡೀ ವಿಂಡೋಸ್ ಬೀಳುತ್ತದೆ.

ಈಗ ಇದನ್ನು ವರ್ಚುವಲ್ ಮೆಷೀನ್ ಒಳಗೆ ಊಹಿಸಿಕೊಳ್ಳಿ. ಅದರೊಳಗಿನ ಡಿಸ್ಕ್ ನಿಜವಲ್ಲ, ನೆಟ್‌ವರ್ಕ್ ಕಾರ್ಡ್ ನಿಜವಲ್ಲ, ಡಿಸ್‌ಪ್ಲೇ ನಿಜವಲ್ಲ. ಎಲ್ಲವನ್ನೂ ಹೈಪರ್‌ವೈಸರ್, ಅಂದರೆ ವರ್ಚುವಲ್‌ಬಾಕ್ಸ್‌ನಂಥ ಸಾಫ್ಟ್‌ವೇರ್, ನಟಿಸಿ ತೋರಿಸುತ್ತಿರುತ್ತದೆ. ಆದರೆ ಪ್ರೊಸೆಸರ್ ಮಾತ್ರ ಹೆಚ್ಚುಕಮ್ಮಿ ನಿಜವಾದದ್ದೇ. ವಿಎಂ ಒಳಗಿನ ವ್ಯವಸ್ಥೆಗೆ ಗೆಸ್ಟ್ ಅಂತಾರೆ, ಹೊರಗಿನ ಅಸಲಿ ಕಂಪ್ಯೂಟರ್‌ಗೆ ಹೋಸ್ಟ್ ಅಂತಾರೆ. ಗೆಸ್ಟ್ ಪ್ರೋಗ್ರಾಂಗಳು ಅಸಲಿ ಪ್ರೊಸೆಸರ್ ಮೇಲೆ ನೇರವಾಗಿ ಓಡುತ್ತವೆ. ಇಂಟೆಲ್ 2005ರಲ್ಲಿ ವಿಟಿ ಎಕ್ಸ್ ತಂದಿತು, ಎಎಂಡಿ 2006ರಲ್ಲಿ ಎಎಂಡಿ ವಿ ತಂದಿತು. ಅಲ್ಲಿಂದ ಈಚೆಗೆ ಅದಕ್ಕೆ ಪ್ರೊಸೆಸರ್‌ನದೇ ಸಹಾಯ ಇದೆ. ನೀನು ಯಾರು ಅಂತ ಪ್ರೊಸೆಸರನ್ನು ಕೇಳಲು ಸಿಪಿಯುಐಡಿ ಅನ್ನುವ ಆಜ್ಞೆ ಇದೆ. ಗೆಸ್ಟ್ ಕೇಳಿದರೆ ಸಾಮಾನ್ಯವಾಗಿ "ಜೆನ್ಯೂಯಿನ್ ಇಂಟೆಲ್" ಅಂತಲೋ "ಅಥೆಂಟಿಕ್ ಎಎಂಡಿ" ಅಂತಲೋ ಹೋಸ್ಟ್‌ನ ಹೆಸರೇ ಬರುತ್ತದೆ. ಅದನ್ನು ನೋಡಿ ಡ್ರೈವರ್ ತಾನು ಅಸಲಿ ಯಂತ್ರದ ಮೇಲಿದ್ದೇನೆ ಅಂದುಕೊಳ್ಳುತ್ತದೆ. ವಿದ್ಯುತ್ತಿನ ಗುಂಡಿಗಳನ್ನು ತಿರುಗಿಸಲು ಹೋಗುತ್ತದೆ. ಆ ಗುಂಡಿಗಳನ್ನು ಹೈಪರ್‌ವೈಸರ್ ಗೆಸ್ಟ್‌ಗೆ ಕೊಟ್ಟೇ ಇರುವುದಿಲ್ಲ. ಬಾಡಿಗೆಗಿರುವವನು ಇಡೀ ಕಟ್ಟಡದ ಮೇನ್ ಸ್ವಿಚ್ಚಿಗೆ ಕೈ ಹಾಕಿದರೆ ಓನರ್ ಬಿಡ್ತಾರಾ? ಅಷ್ಟೇ ಕಥೆ.

ನಮ್ಮ ಗಿರಣಿಯ ಉದಾಹರಣೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. ಹಳೆ ಡಬ್ಬಿ ಇಂಟೆಲ್, ಹೊಸದು ಎಎಂಡಿ. ಎಕ್ಸ್‌ಪಿ ಮೊದಲ ಸಲ ಇನ್‌ಸ್ಟಾಲ್ ಆದಾಗ ಇಂಟೆಲ್ ನೋಡಿ ಇಂಟೆಲ್‌ಪಿಪಿಎಂ ಹಾಕಿಕೊಂಡಿತ್ತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ "ಬೂಟ್ ಆಗುವಾಗಲೇ ಇದನ್ನು ಎಬ್ಬಿಸು" ಅಂತ ಬರೆದಿಟ್ಟಿತ್ತು. ಡಿಸ್ಕ್ ಜೊತೆ ಆ ಬರಹವೂ ಬಂತು. ಕೆಳಗಿನ ಪ್ರೊಸೆಸರ್ ಬದಲಾಗಿದೆ ಅಂತ ಗೊತ್ತಾಗುವ ಮೊದಲೇ ಡ್ರೈವರ್ ಎದ್ದು ಕೂತಿರುತ್ತದೆ.

ಇದು ವರ್ಚುವಲ್ ಮೆಷೀನ್‌ಗಳಿಗೆ ಮಾತ್ರ ಬಂದ ಕಾಯಿಲೆ ಅಲ್ಲ. 2008ರ ಮೇ ತಿಂಗಳಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಎಲ್ಲರಿಗೂ ಬಂತು. ಹಾಕಿಕೊಂಡ ಕೆಲವು ಎಎಂಡಿ ಕಂಪ್ಯೂಟರ್‌ಗಳು, ಅದರಲ್ಲೂ ಎಚ್‌ಪಿ ಡೆಸ್ಕ್‌ಟಾಪ್‌ಗಳು, ಕೊನೆಯಿಲ್ಲದೆ ರೀಸ್ಟಾರ್ಟ್ ಆಗತೊಡಗಿದವು. ಕಾರಣ ಇದೇ ಡ್ರೈವರ್. ಇಂಟೆಲ್ ಯಂತ್ರದ ಮೇಲೆ ತಯಾರಿಸಿದ ವಿಂಡೋಸ್ ಇಮೇಜನ್ನೇ, ಅಂದರೆ ಇಡೀ ಡಿಸ್ಕಿನ ನಕಲನ್ನೇ, ಎಎಂಡಿ ಯಂತ್ರಗಳಿಗೂ ಹಾಕಿದ್ದರು. ಮೈಕ್ರೋಸಾಫ್ಟ್ ಆಮೇಲೆ 953356 ಅನ್ನುವ ಸಂಖ್ಯೆಯ ಟಿಪ್ಪಣಿ ಹೊರಡಿಸಿತು. ಅದರಲ್ಲಿದ್ದ ಸ್ಟಾಪ್ ಕೋಡ್, ಅಂದರೆ ಬ್ಲೂ ಸ್ಕ್ರೀನ್ ಮೇಲೆ ಬರುವ ದೋಷದ ಸಂಖ್ಯೆ, 7ಇ. ಅಂದರೆ ಒಂದು ಇಮೇಜ್ ಮಾಡಿ ಎಲ್ಲ ಯಂತ್ರಕ್ಕೂ ಎಳೆಯುವ ನಮ್ಮ ಕಾಲೇಜು ಲ್ಯಾಬ್‌ಗಳ ಅಭ್ಯಾಸವೂ ಇದೇ ಗುಂಡಿಗೆ ಬೀಳಬಹುದು. ಲ್ಯಾಬ್ ಅಸಿಸ್ಟೆಂಟರು ಇದ್ದರೆ ಕೇಳಿಸಿಕೊಳ್ಳಿ.

ಸರಿ, ಪತ್ತೆ ಮಾಡೋದು ಹೇಗೆ? ಮೊದಲು ಬ್ಲೂ ಸ್ಕ್ರೀನ್ ಓದುವಷ್ಟು ಹೊತ್ತು ನಿಲ್ಲಬೇಕು. ಎಕ್ಸ್‌ಪಿಯಲ್ಲಿ ಲಾಂಛನ ಬರುವ ಮೊದಲು ಎಫ್8 ಒತ್ತಿದರೆ ಪಟ್ಟಿ ಬರುತ್ತದೆ. ಅದರಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುವ ಆಯ್ಕೆ ಇದೆ. ವಿಎಂನಲ್ಲಿ ಇನ್ನೂ ಸುಲಭದ ದಾರಿ ಇದೆ, ಹೋಸ್ಟ್‌ನಲ್ಲಿ ಸ್ಕ್ರೀನ್ ರೆಕಾರ್ಡ್ ಹಾಕಿಬಿಡಿ. ಆಮೇಲೆ ನಿಧಾನವಾಗಿ ನಿಲ್ಲಿಸಿ ನೋಡಬಹುದು. ನೋಡಬೇಕಾದ್ದು ಸ್ಟಾಪ್ ಕೋಡ್, ಅದರ ಮುಂದೆ ಆವರಣದಲ್ಲಿರುವ ಮೊದಲ ಸಂಖ್ಯೆ, ಕೆಳಗೆ ಬಂದಿದ್ದರೆ ಫೈಲ್ ಹೆಸರು. ಫೈಲ್ ಹೆಸರು ಇಂಟೆಲ್‌ಪಿಪಿಎಂ ಅಥವಾ ಪ್ರೊಸೆಸ್‌ಆರ್ ಅಂತಿದ್ದರೆ ಅರ್ಧ ಕೆಲಸ ಮುಗಿಯಿತು. ಪ್ರೊಸೆಸ್‌ಆರ್ ಅನ್ನುವುದು ಯಾವ ಕಂಪನಿಯ ಪ್ರೊಸೆಸರ್‌ಗಾದರೂ ಹಾಕುವ ಸಾಮಾನ್ಯ ಡ್ರೈವರ್. ಎಎಂಡಿಯ ಮೇಲಿಂದ ಎತ್ತಿ ತಂದ ಡಿಸ್ಕಾದರೆ ಎಎಂಡಿಕೆ8 ಅಥವಾ ಎಎಂಡಿಪಿಪಿಎಂ ಇರಬಹುದು. ಇವೆಲ್ಲ ಅಣ್ಣತಮ್ಮಂದಿರು.

ಸ್ಟಾಪ್ ಕೋಡ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಇಲ್ಲೇ ಜನ ಜಾಸ್ತಿ ಎಡವುವುದು. 7ಇ ಬಂದರೆ, ಕರ್ನಲ್‌ನ ಒಂದು ಥ್ರೆಡ್‌ನಲ್ಲಿ ಬಂದ ದೋಷವನ್ನು ಯಾರೂ ಹಿಡಿಯಲಿಲ್ಲ ಅಂತ ಅರ್ಥ. ಅದು ಯಾವ ಡ್ರೈವರಿನಿಂದಲೂ ಬರಬಹುದು. ಆವರಣದ ಮೊದಲ ಸಂಖ್ಯೆ ಸಿ0000096 ಆಗಿದ್ದರೆ ನನ್ನ ಅನುಮಾನ ಪ್ರೊಸೆಸರ್ ಕಡೆ ಗಟ್ಟಿಯಾಗುತ್ತದೆ. ಮಾಡಬಾರದ ವಿಶೇಷ ಆಜ್ಞೆ ಮಾಡಲು ಹೋದ ಸಂದರ್ಭಕ್ಕೆ ಆ ಸಂಖ್ಯೆ. ಅದೇ ಜಾಗದಲ್ಲಿ ಸಿ0000005 ಇದ್ದರೆ ಮೆಮೊರಿಯಲ್ಲಿ ತಪ್ಪು ವಿಳಾಸ ಮುಟ್ಟಿದ ದೋಷ. ಅದು ಯಾವುದರಿಂದಾದರೂ ಆಗಿರಬಹುದು. ಮೈಕ್ರೋಸಾಫ್ಟ್‌ನ ಹಳೆಯ ವಿಎಂ ಸಾಫ್ಟ್‌ವೇರ್‌ಗಳಾದ ವರ್ಚುವಲ್ ಪಿಸಿ, ವರ್ಚುವಲ್ ಸರ್ವರ್ ಕಾಲದಲ್ಲಿ ಇದೇ ಡ್ರೈವರ್ ಸಿಇ ಅನ್ನುವ ಕೋಡ್ ತೋರಿಸುತ್ತಿತ್ತು. ಡ್ರೈವರ್ ಮಾಡುತ್ತಿದ್ದ ಕೆಲಸ ಮುಗಿಸದೆ ಎದ್ದು ಹೋಗಿದೆ ಅಂತ ಆ ಕೋಡಿನ ಅರ್ಥ. ಎದ್ದು ನೋಡಿ, ತನಗಿಲ್ಲಿ ಕೆಲಸ ಇಲ್ಲ ಅಂತ ಗೊತ್ತಾಗಿ, ಅರ್ಧಕ್ಕೇ ಹೊರಟುಬಿಡುತ್ತದೆ. ಹಿಂದೆ ಬಿಟ್ಟುಹೋದದ್ದು ವಿಂಡೋಸನ್ನು ಬೀಳಿಸುತ್ತದೆ.

7ಬಿ ಬಂದರೆ ಮಾತ್ರ ಪ್ರೊಸೆಸರ್ ಡ್ರೈವರನ್ನು ಬೈಯಬೇಡಿ. ಅದು ಬೂಟ್ ಡಿಸ್ಕ್ ಸಿಗಲಿಲ್ಲ ಅನ್ನುವ ಕೋಡ್. ಹಳೆ ಯಂತ್ರದಲ್ಲಿ ಡಿಸ್ಕ್ ಐಡಿಇಯಲ್ಲಿತ್ತು, ವಿಎಂನಲ್ಲಿ ನೀವು ಸಾಟಾಗೆ ಜೋಡಿಸಿದ್ದೀರಿ ಅಂದರೆ ಇದು ಬರುತ್ತದೆ. ಸೆಟ್ಟಿಂಗ್‌ನಲ್ಲಿ ಕಂಟ್ರೋಲರ್ ಬದಲಿಸಿ ನೋಡಿ. ವಿಂಡೋಸ್ 8, 10ರಲ್ಲಿ ಸಂಖ್ಯೆ ಕಾಣುವುದಿಲ್ಲ, ಬರೀ ಹೆಸರು ಕಾಣುತ್ತದೆ. ಕೆಲವೊಮ್ಮೆ ಕೆಳಗೆ ಯಾವ ಫೈಲ್ ಬಿತ್ತು ಅಂತಲೂ ಬರೆದಿರುತ್ತದೆ.

ಇನ್ನೊಂದು ಕೋಡ್ ತುಂಬಾ ಮೋಸ ಮಾಡುತ್ತದೆ. 101, ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್. ಒಂದು ಪ್ರೊಸೆಸರ್ ಹೇಳಿದ ಹೊತ್ತಿಗೆ ಉತ್ತರ ಕೊಡಲಿಲ್ಲ ಅನ್ನುತ್ತದೆ. ನೋಡಿದ ತಕ್ಷಣ ಪ್ರೊಸೆಸರ್ ಹೋಯ್ತು ಅನ್ನಿಸುತ್ತದೆ, ಅಲ್ವಾ? ವಿಎಂ ಒಳಗೆ ಇದು ಬಂದರೆ ಹೆಚ್ಚಿನ ಸಲ ಹೋಸ್ಟ್ ದಣಿದಿರುತ್ತದೆ. ಎಂಟು ಕೋರ್ ಯಂತ್ರದ ಮೇಲೆ ಐದಾರು ವಿಎಂ ಹಾಕಿ, ಒಂದೊಂದಕ್ಕೂ ನಾಲ್ಕು ಕೋರ್ ಬರೆದುಬಿಡುತ್ತೇವೆ. ಎಲ್ಲವೂ ಒಟ್ಟಿಗೆ ಎದ್ದರೆ ಕೆಲವು ವರ್ಚುವಲ್ ಕೋರ್‌ಗಳಿಗೆ ಸರದಿಯೇ ಬರುವುದಿಲ್ಲ. ಲಿನಕ್ಸ್ ಗೆಸ್ಟ್‌ನಲ್ಲಿ ಇದೇ ಪರಿಸ್ಥಿತಿ ಸಾಫ್ಟ್ ಲಾಕ್‌ಅಪ್ ಅನ್ನುವ ಸಂದೇಶವಾಗಿ ಕಾಣುತ್ತದೆ. ಇಲ್ಲಿ ಡ್ರೈವರ್ ತೆಗೆದು ಏನೂ ಪ್ರಯೋಜನವಿಲ್ಲ. ಗೆಸ್ಟ್‌ಗೆ ಕೋರ್ ಕಡಿಮೆ ಕೊಡಿ. ಎಕ್ಸ್‌ಪಿಗಂತೂ ಒಂದು ಸಾಕು.

ಪರದೆಯಲ್ಲಿ ಹೆಸರು ಬರದಿದ್ದರೆ, ಬೀಳುವಾಗ ವಿಂಡೋಸ್ ಬರೆದಿಡುವ ಡಂಪ್ ಫೈಲ್ ನೋಡಬೇಕು. ವಿಂಡೋಸ್ ಫೋಲ್ಡರ್‌ನೊಳಗೆ ಮಿನಿಡಂಪ್ ಅಂತ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿರುವ ಫೈಲನ್ನು ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಅನ್ನುವ ಉಪಕರಣದಲ್ಲಿ ತೆರೆದು ಅನಲೈಜ್ ಆಜ್ಞೆ ಕೊಟ್ಟರೆ ಯಾವ ಡ್ರೈವರ್ ಮೇಲೆ ಅನುಮಾನ ಅಂತ ಹೇಳುತ್ತದೆ. ಅಷ್ಟೆಲ್ಲ ಬೇಡ ಅನ್ನುವವರಿಗೆ ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಸಾಕು. ಆದರೆ ತೀರಾ ಶುರುವಿನಲ್ಲೇ ಬಿದ್ದರೆ ಡಂಪ್ ಬರೆಯಲು ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಫೋಲ್ಡರ್ ಖಾಲಿ ಇದ್ದರೆ ಗಾಬರಿ ಬೇಡ. ಹೈಪರ್‌ವೈಸರ್‌ನ ಲಾಗ್ ಇದ್ದೇ ಇರುತ್ತದೆ. ವರ್ಚುವಲ್‌ಬಾಕ್ಸ್, ವಿಎಂವೇರ್ ಎರಡೂ ಪ್ರತಿ ವಿಎಂಗೂ ಒಂದು ಲಾಗ್ ಬರೆಯುತ್ತವೆ. ಅದನ್ನು ತೆರೆಯುವವರೇ ಕಡಿಮೆ.

ಈಗ ರಿಪೇರಿ. ಮೊದಲನೆಯದಾಗಿ ಡಿಸ್ಕ್ ಫೈಲ್ ಒಂದು ನಕಲು ಮಾಡಿ ಪಕ್ಕಕ್ಕಿಡಿ. ಸ್ನ್ಯಾಪ್‌ಶಾಟ್ ಆದರೂ ತೆಗೆಯಿರಿ. ಇದು ಅಸಲಿ ಯಂತ್ರದಲ್ಲಿ ಸಿಗದ ಸುಖ. ಮುಂದೆ ಏನೇ ಆದರೂ ಹಿಂದಕ್ಕೆ ಬರಬಹುದು.

ಅಗತ್ಯ ಡ್ರೈವರ್‌ಗಳನ್ನಷ್ಟೇ ಎಬ್ಬಿಸುವ ಸೇಫ್ ಮೋಡ್‌ಗೆ ಹೋಗಲು ಆದರೆ ಕೆಲಸ ಸಲೀಸು. ಅಲ್ಲಿ ಸಾಮಾನ್ಯವಾಗಿ ಈ ಡ್ರೈವರ್ ಎದ್ದೇಳುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಸಿ, ಕಾನ್ಫಿಗ್, ಇಂಟೆಲ್‌ಪಿಪಿಎಂ ಅಂತ ಬರೆದು, ಕೊನೆಗೆ ಸ್ಟಾರ್ಟ್ ಸಮ ಚಿಹ್ನೆ ಡಿಸೇಬಲ್ಡ್ ಅಂತ ಕೊಡಬೇಕು. ಸಮ ಚಿಹ್ನೆ ಸ್ಟಾರ್ಟ್‌ಗೆ ಅಂಟಿಕೊಂಡಿರಬೇಕು, ಅದಾದ ಮೇಲೆ ಒಂದು ಸ್ಪೇಸ್ ಬಿಡಬೇಕು. ಆ ಸ್ಪೇಸ್ ಬಿಡದಿದ್ದರೆ ಆಜ್ಞೆ ನಡೆಯುವುದಿಲ್ಲ. ಯಾಕೆ ಹಾಗೆ ಮಾಡಿದರೋ ಮೈಕ್ರೋಸಾಫ್ಟ್‌ನವರನ್ನೇ ಕೇಳಬೇಕು. ಎಕ್ಸ್‌ಪಿ ಸಿಡಿ ಇದ್ದರೆ ರಿಕವರಿ ಕನ್ಸೋಲ್‌ನಲ್ಲಿ ಡಿಸೇಬಲ್ ಇಂಟೆಲ್‌ಪಿಪಿಎಂ ಅಂತ ಕೊಟ್ಟರೂ ಆಯಿತು.

ಸೇಫ್ ಮೋಡ್ ಕೂಡ ಬರದಿದ್ದರೆ ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಬಿದ್ದಿರುವ ವಿಎಂ ಆಫ್ ಮಾಡಿ. ಚೆನ್ನಾಗಿ ಓಡುತ್ತಿರುವ ಇನ್ನೊಂದು ವಿಂಡೋಸ್ ವಿಎಂ ತಗೊಳ್ಳಿ. ಬಿದ್ದಿರುವುದರ ಡಿಸ್ಕನ್ನು ಅದಕ್ಕೆ ಎರಡನೇ ಡಿಸ್ಕ್ ಆಗಿ ಜೋಡಿಸಿ. ಈಗ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಎಚ್‌ಕೀ ಲೋಕಲ್ ಮೆಷೀನ್ ಮೇಲೆ ನಿಂತು, ಫೈಲ್ ಮೆನುವಿನಲ್ಲಿ ಲೋಡ್ ಹೈವ್ ಒತ್ತಿ. ಎರಡನೇ ಡಿಸ್ಕಿನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಂ32, ಅದರೊಳಗೆ ಕಾನ್ಫಿಗ್, ಅದರೊಳಗೆ ಸಿಸ್ಟಂ ಅನ್ನುವ ಫೈಲ್. ಹೆಸರು ಕೇಳುತ್ತದೆ, "ಗಿರಣಿ" ಅಂತ ಕೊಡಿ, ಏನಾದರೂ ನಡೆಯುತ್ತದೆ. ಈಗ ಬಿದ್ದಿರುವ ಯಂತ್ರದ ರಿಜಿಸ್ಟ್ರಿ ನಿಮ್ಮ ಮುಂದೆ ತೆರೆದುಕೊಂಡಿರುತ್ತದೆ.

ಇಲ್ಲಿ ಒಂದು ಸಣ್ಣ ತಿರುವು ಇದೆ. ಓಡುವ ವಿಂಡೋಸ್‌ನಲ್ಲಿ ಕಾಣುವ ಕರೆಂಟ್ ಕಂಟ್ರೋಲ್ ಸೆಟ್ ಅನ್ನುವ ಕೀ ಇಲ್ಲಿ ಇರುವುದಿಲ್ಲ. ಅದು ಬೂಟ್ ಆದಾಗ ಹುಟ್ಟುವ ಕೊಂಡಿ ಮಾತ್ರ. ಇಲ್ಲಿ ಕಂಟ್ರೋಲ್ ಸೆಟ್ 001, 002 ಅಂತ ಕಾಣುತ್ತವೆ. ಯಾವುದು ಅಸಲಿ ಅಂತ ತಿಳಿಯಲು ಪಕ್ಕದಲ್ಲೇ ಇರುವ ಸೆಲೆಕ್ಟ್ ಕೀ ತೆರೆದು, ಕರೆಂಟ್ ಅನ್ನುವುದರ ಬೆಲೆ ನೋಡಿ. 1 ಇದ್ದರೆ 001. ಅದರೊಳಗೆ ಸರ್ವಿಸಸ್, ಅದರೊಳಗೆ ಇಂಟೆಲ್‌ಪಿಪಿಎಂ. ಬಲಗಡೆ ಸ್ಟಾರ್ಟ್ ಅಂತ ಒಂದು ಸಂಖ್ಯೆ. 0 ಅಂದರೆ ಬೂಟ್ ಲೋಡರ್ ಜೊತೆಗೇ ಏಳುವುದು, 1 ಕರ್ನಲ್ ಸಿದ್ಧವಾಗುವಾಗ, 2 ತಾನಾಗಿ, 3 ಯಾರಾದರೂ ಕರೆದಾಗ, 4 ಏಳಲೇ ಬಾರದು. ಅದನ್ನು 4 ಮಾಡಿ. ಪ್ರೊಸೆಸ್‌ಆರ್ ಅನ್ನುವ ಡ್ರೈವರ್‌ನ ಹೆಸರು ಬಂದಿದ್ದರೆ ಅದರ ಸ್ಟಾರ್ಟ್ ಕೂಡ 4. ಆಮೇಲೆ ಮರೆಯದೆ ಅನ್‌ಲೋಡ್ ಹೈವ್ ಒತ್ತಿ. ಡಿಸ್ಕ್ ಬಿಚ್ಚಿ ವಾಪಸ್ ಅದರ ವಿಎಂಗೆ ಕೊಟ್ಟು ಸ್ಟಾರ್ಟ್ ಮಾಡಿ.

ಡಿಸ್ಕ್ ಬಿಚ್ಚಿ ಪಕ್ಕದ ವಿಎಂಗೆ ಹಾಕುವ ಈ ಪಟ್ಟು ಹಳೆ ಎಕ್ಸ್‌ಪಿಗೆ ಮಾತ್ರ ಅಂದುಕೊಳ್ಳಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು ಅಂತ ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಅದೂ ಕರ್ನಲ್ ಡ್ರೈವರ್‌ನದೇ ಸಮಸ್ಯೆ, ಪ್ರೊಸೆಸರ್‌ಗೆ ಸಂಬಂಧವಿಲ್ಲ. ಕ್ಲೌಡ್‌ನಲ್ಲಿದ್ದ ವಿಎಂಗಳನ್ನು ಎಬ್ಬಿಸಲು ಕೊಟ್ಟ ದಾರಿಗಳಲ್ಲಿ ಇದೂ ಒಂದು. ಡಿಸ್ಕ್ ಬಿಚ್ಚು, ಬೇರೆ ವಿಎಂಗೆ ಜೋಡಿಸು, ತೊಂದರೆಯ ಫೈಲ್ ತೆಗೆ, ವಾಪಸ್ ಜೋಡಿಸು. ದಾವಣಗೆರೆಯ ಗಿರಣಿಯಲ್ಲೂ ಅದೇ, ದೊಡ್ಡ ಡೇಟಾ ಸೆಂಟರ್‌ನಲ್ಲೂ ಅದೇ.

ಡ್ರೈವರ್ ಆಫ್ ಮಾಡಿದರೆ ನಷ್ಟ ಏನು? ವಿಎಂ ಒಳಗೆ ಏನೂ ಇಲ್ಲ. ಗೆಸ್ಟ್‌ಗೆ ಕೆಲಸವಿಲ್ಲದಾಗ ಅದು ಹಾಲ್ಟ್ ಅನ್ನುವ ಆಜ್ಞೆ ಕೊಡುತ್ತದೆ. ಹೈಪರ್‌ವೈಸರ್ ಆಗ ಪ್ರೊಸೆಸರನ್ನು ವಾಪಸ್ ತಗೊಂಡು ಬೇರೆಯವರಿಗೆ ಕೊಡುತ್ತದೆ. ಮಲಗಿಸುವುದು, ವೇಗ ಇಳಿಸುವುದು ಎಲ್ಲ ಹೋಸ್ಟ್ ನೋಡಿಕೊಳ್ಳುತ್ತದೆ. ಗೆಸ್ಟ್‌ನ ಪ್ರೊಸೆಸರ್ ಡ್ರೈವರ್‌ಗೆ ಅಲ್ಲಿ ನಿಜಕ್ಕೂ ಕೆಲಸವಿಲ್ಲ. ಆದರೆ ಅಸಲಿ ಯಂತ್ರದಲ್ಲಿ ಮಾತ್ರ ಇದನ್ನು ಮಾಡಬೇಡಿ. ಅಲ್ಲಿ ಅದನ್ನು ಆಫ್ ಮಾಡಿದರೆ ಕರೆಂಟ್ ಉಳಿತಾಯ ಹೋಗುತ್ತದೆ, ಯಂತ್ರ ಬಿಸಿಯಾಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಅದೊಂದು ಬೇರೆ ಬೇಕಾ?

ಬುದ್ಧಿವಂತರ ದಾರಿ ಇನ್ನೂ ಮೊದಲೇ ಶುರುವಾಗುತ್ತದೆ. ಹಳೆ ಡಬ್ಬಿ ಇನ್ನೂ ಓಡುತ್ತಿರುವಾಗಲೇ ಅದರಲ್ಲಿ ಡ್ರೈವರ್ ಆಫ್ ಮಾಡಿ, ಆಮೇಲೆ ಡಿಸ್ಕ್‌2ವಿಎಚ್‌ಡಿ ಹಾಕಿ. ನಕಲು ಬಂದ ಮೇಲೆ ಹಳೆಯದರಲ್ಲಿ ಮತ್ತೆ ಆನ್ ಮಾಡಿ. ಬ್ಲೂ ಸ್ಕ್ರೀನ್ ನೋಡುವ ಪ್ರಸಂಗವೇ ಬರುವುದಿಲ್ಲ.

ಇನ್ನು ಲಿನಕ್ಸ್ ಹೋಸ್ಟ್ ಇಟ್ಟುಕೊಂಡವರ ಕಥೆ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಲಿನಕ್ಸ್‌ನದೇ ಹೈಪರ್‌ವೈಸರ್ ಆದ ಕೆವಿಎಂ ಬಳಸುವವರಿದ್ದೀರಿ. ಕೆವಿಎಂ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2007ರಲ್ಲಿ, 2.6.20 ಆವೃತ್ತಿಯಲ್ಲಿ. ಕೆವಿಎಂಗೆ ಗೊತ್ತಿಲ್ಲದ ಎಂಎಸ್‌ಆರ್ ಓದಲು ಗೆಸ್ಟ್ ಹೋದರೆ ಕೆವಿಎಂ ಮಾಮೂಲಾಗಿ ದೋಷ ಎಬ್ಬಿಸುತ್ತದೆ. ವಿಂಡೋಸ್ 10ರ 1803 ಆವೃತ್ತಿ ಬಂದಾಗ ಹಲವರ ವಿಎಂಗಳು ಹೀಗೇ ಬಿದ್ದವು. ಪರದೆಯಲ್ಲಿ ಅದೇ 7ಇಯ ಹೆಸರು. ಆಗ ಎಲ್ಲರೂ ಹಿಡಿದ ದಾರಿ ಕೆವಿಎಂ ಮಾಡ್ಯೂಲ್‌ನ ಇಗ್ನೋರ್ ಎಂಎಸ್‌ಆರ್ಸ್ ಆಯ್ಕೆ. ಅದನ್ನು 1 ಮಾಡಿದರೆ ಗೊತ್ತಿಲ್ಲದ ರಿಜಿಸ್ಟರ್ ಕೇಳಿದಾಗ ದೋಷದ ಬದಲು ಸೊನ್ನೆ ಕೊಡುತ್ತದೆ. ವಿಎಂ ಏಳುತ್ತದೆ.

ನನಗೆ ಆ ಆಯ್ಕೆ ಶಾಶ್ವತವಾಗಿ ಬಿಡುವುದು ಇಷ್ಟವಿಲ್ಲ. ಡ್ರೈವರ್ ಸೊನ್ನೆಯನ್ನು ನಿಜವಾದ ಉತ್ತರ ಅಂದುಕೊಂಡು ಮುಂದೆ ಹೋಗುತ್ತದೆ. ನಾಳೆ ಇನ್ನೆಲ್ಲೋ ಎಡವಿದರೆ ಕಾರಣ ಹುಡುಕುವುದು ಕಷ್ಟ. ಹೋಸ್ಟ್‌ನ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಯಾವ ಎಂಎಸ್‌ಆರ್ ಅಂತ ಸಂಖ್ಯೆ ಸಿಗುತ್ತದೆ. ಅದನ್ನು ಹುಡುಕಿ, ಗೆಸ್ಟ್‌ಗೆ ತೋರಿಸುವ ಪ್ರೊಸೆಸರ್ ಮಾದರಿಯನ್ನು ಬದಲಿಸಿ ನೋಡಿ. ಹೋಸ್ಟ್ ಪಾಸ್‌ಥ್ರೂ ಅಂತ ಇಟ್ಟರೆ ಗೆಸ್ಟ್‌ಗೆ ಅಸಲಿ ಪ್ರೊಸೆಸರ್‌ನ ಬಹುಪಾಲು ಗುಣಗಳು ಕಾಣುತ್ತವೆ. ಅವನ್ನು ನೋಡಿದ ಗೆಸ್ಟ್‌ಗೆ ಆಸೆಯೂ ಜಾಸ್ತಿಯಾಗುತ್ತದೆ. ಸ್ವಲ್ಪ ಹಳೆಯ ಹೆಸರಿನ ಮಾದರಿ ಕೊಟ್ಟರೆ ಅದು ಅಷ್ಟಕ್ಕೇ ತೃಪ್ತಿಪಡುತ್ತದೆ.

ಲಿನಕ್ಸ್ ಗೆಸ್ಟ್‌ಗಳು ಈ ವಿಷಯದಲ್ಲಿ ಜಾಣ. ಸಿಪಿಯುಐಡಿ ಉತ್ತರದಲ್ಲಿ ಒಂದು ಬಿಟ್ ಇದೆ. ನೀನು ಹೈಪರ್‌ವೈಸರ್ ಕೆಳಗಿದ್ದೀಯ ಅಂತ ಹೇಳಲೆಂದೇ ಮೀಸಲಿಟ್ಟಿರುವ ಬಿಟ್ ಅದು. ಲಿನಕ್ಸ್‌ನ ಹಲವು ಪ್ರೊಸೆಸರ್ ಡ್ರೈವರ್‌ಗಳು ಅದನ್ನು ನೋಡಿ ಸುಮ್ನೆ ಮಲಗಿಬಿಡುತ್ತವೆ. ಗೊತ್ತಿಲ್ಲದ ಎಂಎಸ್‌ಆರ್ ಮುಟ್ಟಿದರೂ ಬಹುತೇಕ ಒಂದು ಎಚ್ಚರಿಕೆ ಬರೆದು ಮುಂದುವರಿಯುತ್ತವೆ. ಎಕ್ಸ್‌ಪಿ ಕಾಲದ ಡ್ರೈವರ್‌ಗೆ ಈ ಬಿಟ್‌ನ ಪರಿಚಯವೇ ಇರಲಿಲ್ಲ.

ಮೈಕ್ರೋಕೋಡ್, ಅಂದರೆ ಪ್ರೊಸೆಸರ್‌ನೊಳಗೇ ಇರುವ ಚಿಕ್ಕ ಸಾಫ್ಟ್‌ವೇರ್, ಅದರ ಬಗ್ಗೆ ಒಂದೇ ಮಾತು. ಗೆಸ್ಟ್ ಅಲ್ಲ, ಹೋಸ್ಟೇ ರೀಸ್ಟಾರ್ಟ್ ಆಗುತ್ತಿದ್ದರೆ ಇಲ್ಲಿವರೆಗೆ ಹೇಳಿದ್ದು ಯಾವುದೂ ಕೆಲಸಕ್ಕೆ ಬರುವುದಿಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ಭದ್ರತಾ ದೋಷಗಳ ಗಲಾಟೆಯಲ್ಲಿ ಬಂದ ಮೈಕ್ರೋಕೋಡ್‌ನಿಂದ ಇಂಟೆಲ್‌ನ ಬ್ರಾಡ್‌ವೆಲ್, ಹ್ಯಾಸ್‌ವೆಲ್ ಯಂತ್ರಗಳು ತಾವಾಗಿ ರೀಸ್ಟಾರ್ಟ್ ಆಗುತ್ತಿದ್ದವು. ಆ ತಿಂಗಳ 22ರಂದು ಇಂಟೆಲೇ ಅದನ್ನು ಹಾಕಬೇಡಿ ಅಂತ ಹೇಳಿತು. ಅಂಥ ಸಮಯದಲ್ಲಿ ವಿಎಂನೊಳಗೆ ಕೂತು ಡ್ರೈವರ್ ಹುಡುಕುವುದು ದಂಡ.

ಆಮೇಲೆ ಪ್ರಶ್ನೆಗಳು ಬಂದವು.

ವೇಬ್ರಿಡ್ಜ್ ನೋಡಿಕೊಳ್ಳುವ ಒಬ್ಬರು ಕೇಳಿದರು. "ಸಾರ್, ವಿಎಂ ಎದ್ದೇನೋ ಏಳ್ತು. ಆದ್ರೆ ತೂಕ ಬರ್ತಿಲ್ಲ. ಇದೂ ಅದೇ ಡ್ರೈವರ್ರಾ?" ಅಲ್ಲ. ತೂಕದ ಪೆಟ್ಟಿಗೆ ಸೀರಿಯಲ್ ಪೋರ್ಟಿನಲ್ಲಿ ಮಾತಾಡುತ್ತದೆ. ಹೋಸ್ಟ್‌ನ ಕಾಮ್ ಪೋರ್ಟನ್ನು ವಿಎಂ ಸೆಟ್ಟಿಂಗ್‌ನಲ್ಲಿ ಗೆಸ್ಟ್‌ಗೆ ಜೋಡಿಸಬೇಕು. ಹೊಸ ಯಂತ್ರದಲ್ಲಿ ಆ ಪೋರ್ಟೇ ಇರುವುದಿಲ್ಲ, ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲ್ ಬೇಕು. ಸಾಫ್ಟ್‌ವೇರ್ ಕಾಮ್ 1 ಮಾತ್ರ ಕೇಳುವಂಥದ್ದಾದರೆ ಗೆಸ್ಟ್ ಒಳಗೆ ಅದೇ ಸಂಖ್ಯೆ ಬರುವಂತೆ ಇಡಿ. ಹಾಗೇ, ಆ ಎಕ್ಸ್‌ಪಿ ವಿಎಂಗೆ ನೆಟ್‌ವರ್ಕ್ ಕೊಡಬೇಡಿ. ತೂಕ ಓದಲು ಇಂಟರ್‌ನೆಟ್ ಬೇಡ.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ, ಓಡುತ್ತಿರುವ ವಿಎಂ ಅನ್ನು ಆಫ್ ಮಾಡದೆ ಇಂಟೆಲ್ ಹೋಸ್ಟ್‌ನಿಂದ ಎಎಂಡಿ ಹೋಸ್ಟ್‌ಗೆ ಸಾಗಿಸಬಹುದಾ ಅಂತ. ಅದಕ್ಕೆ ಕೈ ಹಾಕಬೇಡಿ. ವಿಎಂವೇರ್‌ನ ಇವಿಸಿ ಅನ್ನುವ ಸೌಲಭ್ಯ ಒಂದೇ ಕಂಪನಿಯ ಬೇರೆ ಬೇರೆ ಪೀಳಿಗೆಗಳ ನಡುವಿನ ವ್ಯತ್ಯಾಸ ಮುಚ್ಚುತ್ತದೆ, ಎರಡು ಕಂಪನಿಗಳ ನಡುವಿನದನ್ನಲ್ಲ. ಪೂರ್ತಿ ಆಫ್ ಮಾಡಿ ಸಾಗಿಸಿ, ಆಮೇಲೆ ಬೂಟ್ ಮಾಡಿ. ಹಳೆ ವಿಂಡೋಸ್ ಆದರೆ ಹೊರಡುವ ಮೊದಲೇ ಸ್ಟಾರ್ಟ್ 4.

ಹಿಂದಿನ ಸಾಲಿನಿಂದ ಒಬ್ಬರು, "ಇಷ್ಟೆಲ್ಲಾ ಯಾಕ್ ಸಾರ್, ಆ ಸಿಸ್ ಫೈಲೇ ಡಿಲೀಟ್ ಮಾಡಿದ್ರೆ ಆಗಲ್ವಾ?" ಅಂದರು. ಆಗುವುದಿಲ್ಲ. ಎಕ್ಸ್‌ಪಿಯಲ್ಲಿ ಫೈಲ್ ಪ್ರೊಟೆಕ್ಷನ್ ಅಂತ ಒಂದು ಕಾವಲು ಇದೆ. ಓಡುತ್ತಿರುವಾಗ ಅಳಿಸಿದರೆ ಡಿಎಲ್‌ಎಲ್‌ಕ್ಯಾಶ್ ಫೋಲ್ಡರ್‌ನಿಂದ ಅದೇ ಫೈಲನ್ನು ಮತ್ತೆ ತಂದಿಡುತ್ತದೆ. ಹೊರಗಿನಿಂದ ಅಳಿಸಿದರೂ ಮುಂದೆ ಸರ್ವಿಸ್ ಪ್ಯಾಕ್ ಹಾಕಿದಾಗ ವಾಪಸ್ ಬರಬಹುದು. ರಿಜಿಸ್ಟ್ರಿಯ ಆ ಒಂದು ಸಂಖ್ಯೆ ಬದಲಿಸಿ. ದೊಡ್ಡ ಅಪ್‌ಡೇಟ್ ಯಾವುದಾದರೂ ಹಾಕಿದರೆ, ರೀಸ್ಟಾರ್ಟ್ ಕೊಡುವ ಮೊದಲು ಅದು ಇನ್ನೂ 4 ಇದೆಯಾ ಅಂತ ನೋಡಿಕೊಳ್ಳಿ.